ಕಾರವಾರದಲ್ಲೂ ಕಡಲಿದೆ, ಇಲ್ಲಿಂದ ಯಾಕೆ ರಾಕೆಟ್ ಹಾರಿಸಲ್ಲ?

ಪ್ರತಿ ಉಡಾವಣೆಯ ಮರುದಿನ ಬರುವ ಪ್ರಶ್ನೆ ಇದು. ಉತ್ತರ ಒಂದೇ ಸಾಲು: ನಮ್ಮ ಸಮುದ್ರ ಪಶ್ಚಿಮಕ್ಕಿದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮರುಪ್ರಶ್ನೆ ರೆಡಿ: "ರಾಕೆಟ್ ಹೋಗೋದು ಮೇಲಕ್ಕಲ್ವಾ, ಸಮುದ್ರ ಯಾವ ದಿಕ್ಕಿಗಿದ್ದರೆ ಏನಂತೆ?"

ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುವ ಕಳೆ ಇದೇ. ಮೇಲಕ್ಕೆ ಹೋಗುವುದು ದಟ್ಟ ಗಾಳಿ ದಾಟುವ ತನಕ ಮಾತ್ರ ಮಾರಾಯ್ರೆ. ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ರಾಕೆಟ್ ವಾಲತೊಡಗುತ್ತದೆ, ಕೊನೆಕೊನೆಗೆ ಹೆಚ್ಚುಕಡಿಮೆ ಅಡ್ಡಡ್ಡವೇ ಓಡುತ್ತದೆ. 400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಉಳಿಯಲು ಸೆಕೆಂಡಿಗೆ ಸುಮಾರು 7.7 ಕಿ.ಮೀ. ಅಡ್ಡವೇಗ ಬೇಕು. ಅದಿಲ್ಲದೆ ನೆಟ್ಟಗೆ 400 ಕಿ.ಮೀ. ಏರಿಸಿ ಬಿಟ್ಟರೆ ಐದಾರು ನಿಮಿಷದಲ್ಲಿ ವಾಪಸು ನೆಲಕ್ಕೆ. "ಅಲ್ಲಿ ಗುರುತ್ವವೇ ಇಲ್ಲವಲ್ಲ" ಎನ್ನಬೇಡಿ, ನೆಲದ ಮೇಲಿನದರ ಶೇ 89ರಷ್ಟು ಅಲ್ಲೂ ಇದೆ. ಒಂದು ಕಿಲೋ ಭಾರವನ್ನು ಅಷ್ಟೆತ್ತರ ಒಯ್ಯಲು ಬೇಕಾದ ಶಕ್ತಿಯ ಸುಮಾರು ಎಂಟು ಪಟ್ಟು ಅದನ್ನು ಅಡ್ಡ ಓಡಿಸುವುದಕ್ಕೇ ಖರ್ಚು.

ಈಗ ದಿಕ್ಕಿನ ಮಾತು. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಕಾರವಾರದಲ್ಲಿ ನೆಲವೇ ಸೆಕೆಂಡಿಗೆ 450 ಮೀಟರ್ ಓಡುತ್ತದೆ, ಪೂರ್ವ ಕರಾವಳಿಯ ಉಡಾವಣಾ ಕೇಂದ್ರ ಶ್ರೀಹರಿಕೋಟಾದಲ್ಲಿ ಎರಡು ಮೀಟರ್ ಹೆಚ್ಚು, ಅಷ್ಟೇ. ಪೂರ್ವಕ್ಕೆ ಹಾರಿಸಿದರೆ ಆ ವೇಗ ಪುಕ್ಕಟೆ. ಪಶ್ಚಿಮಕ್ಕಾದರೆ ಅದೂ ಹೋಯಿತು, ಮೇಲೆ ಅಷ್ಟನ್ನೇ ಕೈಯಿಂದ ಹಾಕಬೇಕು: ಒಟ್ಟು 900 ಮೀಟರ್ ನಷ್ಟ, ಅದಕ್ಕೆ ಉಪಗ್ರಹದ ತೂಕ ಇಳಿಸಬೇಕು. ಇಸ್ರೇಲ್ 1988ರಿಂದ ಪಶ್ಚಿಮಕ್ಕೇ ಹಾರಿಸುತ್ತಿದೆ ನಿಜ, ಪೂರ್ವಕ್ಕೆ ನೆರೆದೇಶಗಳಿವೆ ಎಂಬ ಅನಿವಾರ್ಯಕ್ಕೆ.

ಇಲ್ಲಿಂದ ಪೂರ್ವಕ್ಕೇ ಹಾರಿಸೋಣ ಎಂದರೆ ಬಂಗಾಳ ಕೊಲ್ಲಿ ಸಿಗುವವರೆಗೆ ಸುಮಾರು 640 ಕಿ.ಮೀ. ನೆಲ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತ ಎರಡು ನಿಮಿಷದೊಳಗೆ ಕಳಚಿಕೊಳ್ಳುತ್ತದೆ. ಒಳಗಿನ 138 ಟನ್ ಇಂಧನ ಉರಿದ ಮೇಲೂ ಕವಚವೇ 30 ಟನ್ ಆಸುಪಾಸು. ಹಾವೇರಿ, ಬಳ್ಳಾರಿ ಕಡೆಯ ಯಾರ ಹೊಲದಲ್ಲಿ ಅದನ್ನು ಇಳಿಸೋಣ? ದಕ್ಷಿಣಕ್ಕೆ ಹಾರಿಸಿದರೆ ಲಕ್ಷದ್ವೀಪ, ಮಾಲ್ಡೀವ್ಸ್ ದಾರಿಯಲ್ಲೇ ಇವೆ. ಶ್ರೀಹರಿಕೋಟಾಕ್ಕೂ ಶ್ರೀಲಂಕಾದ ಕಾಟ ಇದ್ದೇ ಇದೆ. ದಕ್ಷಿಣಕ್ಕೆ ಹೋಗುವ ಪಿಎಸ್‌ಎಲ್‌ವಿ ಅದನ್ನು ಸುತ್ತಿಕೊಂಡು ಹೋಗಬೇಕು. ಆ ಸುತ್ತು ತಪ್ಪಿಸಲೆಂದೇ ಚಿಕ್ಕ ಎಸ್‌ಎಸ್‌ಎಲ್‌ವಿ ರಾಕೆಟ್ಟಿಗೆ ತಮಿಳುನಾಡಿನ ಕುಲಶೇಖರಪಟ್ಟಣದ ಉಡಾವಣಾ ಕೇಂದ್ರ.

"ಕೇರಳದ ತುಂಬಾ ರಾಕೆಟ್ ಕೇಂದ್ರ ಪಶ್ಚಿಮ ಕರಾವಳಿಯಲ್ಲೇ ಇದೆಯಲ್ಲ?" ಇದೆ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿದ್ದೂ ಅಲ್ಲಿಂದಲೇ. ಆದರೆ ಅವು ಸೌಂಡಿಂಗ್ ರಾಕೆಟ್‌ಗಳು: ಮೇಲೇರಿ, ಅಳತೆ ತೆಗೆದು, ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಕಕ್ಷೆಯ ಗೊಡವೆಯೇ ಇಲ್ಲ. ತುಂಬಾವನ್ನು ಆರಿಸಿದ್ದು ಅದರ ಹತ್ತಿರ ಹಾದುಹೋಗುವ ಕಾಂತೀಯ ಸಮಭಾಜಕಕ್ಕಾಗಿ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆಗಾಗಿ.

ಯಾರೂ ಕೇಳದ ಇನ್ನೊಂದು ಮಾತು. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಿಂತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೋಡಿದರೂ ಇದೇ ಪೂರ್ವದ ಓಟ ಕಾಣುತ್ತದೆ. ಅದು ನೈಋತ್ಯದಿಂದ ಈಶಾನ್ಯಕ್ಕೆ, ಇಲ್ಲವೇ ವಾಯವ್ಯದಿಂದ ಆಗ್ನೇಯಕ್ಕೆ ಸಾಗುತ್ತದೆ, ಘಟ್ಟದ ಕಡೆಯಿಂದ ಕಡಲಿಗೆ ಎಂದೂ ಬರುವುದಿಲ್ಲ. ಮಳೆಗಾಲ ಕಳೆದ ಮೇಲೆ, ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಹಾದುಹೋಗುವ ದಿನ ಆರಿಸಿಕೊಳ್ಳಿ. ದಿಗಂತದಲ್ಲಿ ಹುಡುಕಬೇಡಿ, ಅಲ್ಲಿ ಮಬ್ಬು ಮತ್ತು ಮೀನುಗಾರಿಕೆ ಬೋಟುಗಳ ದೀಪ. ಒಂದು ಗೇಣು ಮೇಲೆ ನೋಡಿ. ಹೆಚ್ಚೆಂದರೆ ಆರು ನಿಮಿಷ. ನಡು ಆಕಾಶದಲ್ಲಿ ಮಾಯವಾದರೆ ಭೂಮಿಯ ನೆರಳಿಗೆ ಹೋಯಿತೆಂದು ಲೆಕ್ಕ. ಮಿಣಮಿಣ ಎಂದರೆ ಅದು ವಿಮಾನ.