ನಿದ್ದೆಗೆಟ್ಟ ರಾತ್ರಿಗಳು ಮತ್ತು ಏರುವ ತೂಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರಕ್ಕೆ ಬಂದು ನೆಲೆಸಿದ ಹಳ್ಳಿಯ ಹುಡುಗರು ಕೆಲವೇ ತಿಂಗಳಲ್ಲಿ ದಪ್ಪಗಾದರೆ, ಮನೆಯವರು ಮೊದಲು ದೂರುವುದು ಗಿರ್ಮಿಟ್ಟು, ಮಿರ್ಚಿಗಳನ್ನು. ಆಮೇಲೆ ಮಕ್ಕಳ ಬಾಯಿಚಪಲವನ್ನು. ಕರಿದ ತಿಂಡಿಯ ಪಾತ್ರ ಇದರಲ್ಲಿ ಇದ್ದೇ ಇದೆ. ಒಂದು ಗ್ರಾಂ ಪಿಷ್ಟದಿಂದ ಸಿಗುವುದು ಸುಮಾರು 4 ಕಿಲೋಕ್ಯಾಲರಿ, ಒಂದು ಗ್ರಾಂ ಎಣ್ಣೆಯಿಂದ 9. ಆದರೆ ಊಟ ಮುಗಿಸಿದವರಿಗೆ ರಾತ್ರಿ ಹನ್ನೊಂದಕ್ಕೆ ಮತ್ತೆ ಮಿರ್ಚಿ ಏಕೆ ಬೇಕೆನಿಸುತ್ತದೆ ಎಂದು ಕೇಳುವವರು ಕಡಿಮೆ.

ಉತ್ತರದ ದೊಡ್ಡ ಭಾಗ ನಿದ್ದೆಯಲ್ಲಿದೆ. ಹೊಟ್ಟೆ ಖಾಲಿಯಾದಾಗ ಜಠರದಲ್ಲಿ ಹೆಚ್ಚಾಗುವ ಗ್ರೆಲಿನ್ ಎಂಬ ಹಾರ್ಮೋನು ಹಸಿವನ್ನು ಕೆರಳಿಸುತ್ತದೆ. ಕೊಬ್ಬಿನ ಜೀವಕೋಶಗಳಿಂದ ಬರುವ ಲೆಪ್ಟಿನ್, ಶಕ್ತಿಯ ದಾಸ್ತಾನು ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸಿ ಹಸಿವನ್ನು ತಗ್ಗಿಸುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 12 ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ 4 ಗಂಟೆ, ಇನ್ನೊಮ್ಮೆ ಎರಡು ರಾತ್ರಿ 10 ಗಂಟೆ ಮಲಗಲು ಅವಕಾಶ ಕೊಟ್ಟು ರಕ್ತ ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು, ಗ್ರೆಲಿನ್ ಶೇ 28ರಷ್ಟು ಏರಿತ್ತು; ಅವರ ಮನಸ್ಸು ಎಳೆದದ್ದು ಸಿಹಿ, ಉಪ್ಪು ಮತ್ತು ಪಿಷ್ಟದ ತಿನಿಸುಗಳ ಕಡೆಗೆ. ಹೀಗಿರುವಾಗ ನಿದ್ದೆಗೆಟ್ಟು ಓದುವ ಮಕ್ಕಳನ್ನು ಹೊಟ್ಟೆಬಾಕರೆಂದು ಹೀಯಾಳಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಊರಿನಲ್ಲಿ ಹೊಲ, ದನಕರು, ನೀರು ಎಂದು ಓಡಾಡುತ್ತಿದ್ದ ಮೈ ಇಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ರೀಡಿಂಗ್ ರೂಮಿನ ಕುರ್ಚಿಯಲ್ಲಿರುತ್ತದೆ. ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ ಮನೆಯ ಊಟದಂತೆಯೇ ಇದ್ದರೂ, ದುಡಿದು ಬಂದವರಿಗೆ ಸರಿಹೋಗುವ ಪ್ರಮಾಣ ಕುಳಿತವರಿಗೆ ಹೆಚ್ಚಾಗುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾದಂಗಡಿಯವರೆಗಿನ ನಡಿಗೆಯಿಂದ ಅದು ಪೂರೈಸುವುದಿಲ್ಲ. ತಡರಾತ್ರಿಯ ಆ ಚಹಾ ಸಕ್ಕರೆಯನ್ನಷ್ಟೇ ಸೇರಿಸುವುದಿಲ್ಲ, ಅದರ ಕೆಫೀನು ನಿದ್ದೆಯನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ.

ಈ ಸ್ಥಿತಿಯನ್ನು ಸರಿಪಡಿಸಲು ಸಾಧ್ಯ. ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ಅಧಿಕ ತೂಕದ 80 ಮಂದಿಯ ಮೇಲೆ ಶಿಕಾಗೊ ವಿಶ್ವವಿದ್ಯಾಲಯವೇ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಮಲಗಲು ಸಲಹೆ ಪಡೆದವರ ನಿದ್ದೆ ಸುಮಾರು 1 ಗಂಟೆ 12 ನಿಮಿಷ ಹೆಚ್ಚಿತು. ಉಳಿದವರಿಗೆ ಹೋಲಿಸಿದರೆ ಅವರು ದಿನಕ್ಕೆ ಸುಮಾರು 270 ಕಿಲೋಕ್ಯಾಲರಿ ಕಡಿಮೆ ಸೇವಿಸಿದರು. ಅವರಿಗೆ ಯಾವ ಪಥ್ಯವನ್ನೂ ಹೇಳಿರಲಿಲ್ಲ. ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು, ಮಲಗುವ ಮುಂಚೆ ಮೊಬೈಲಿನಂಥ ಸಾಧನಗಳ ಬಳಕೆಯನ್ನು ಮಿತಗೊಳಿಸುವುದು.