ಹೊಸ ಎಂಜಿನ್‌ನಲ್ಲಿ ಉಳಿದ ಲೋಹದ ಚೂರು

ಅಮೆರಿಕದಲ್ಲಿ ಟೊಯೋಟಾದ ಟಂಡ್ರಾ ಪಿಕಪ್ ಬಾಳಿಕೆಗೆ ಹೆಸರಾದ ವಾಹನ. 2007ರ ಮಾದರಿಯಿಂದ ಸುಮಾರು ಹದಿನೈದು ವರ್ಷ ಆ ಹೆಸರನ್ನು ಉಳಿಸಿದ್ದು 5.7 ಲೀಟರಿನ, ಎಂಟು ಸಿಲಿಂಡರಿನ, ಟರ್ಬೊ ಇಲ್ಲದ ಎಂಜಿನ್. 2022ರ ಮಾದರಿಗೆ ಅದರ ಬದಲು ಎರಡು ಟರ್ಬೊಗಳುಳ್ಳ, ಆರು ಸಿಲಿಂಡರಿನ, ಸುಮಾರು 3.4 ಲೀಟರಿನ ಎಂಜಿನ್ ಬಂತು. 2024ರ ಮೇ ತಿಂಗಳಲ್ಲಿ ಕಂಪನಿಯು 2022 ಮತ್ತು 2023ರ ಟಂಡ್ರಾ, ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು ಒಂದು ಲಕ್ಷ ವಾಹನಗಳನ್ನು ವಾಪಸು ಕರೆಸಬೇಕಾಯಿತು. ಕಾರ್ಖಾನೆಯಲ್ಲಿ ಎಂಜಿನ್ ಭಾಗಗಳನ್ನು ಕೊರೆಯುವಾಗ ಉದುರಿದ ಲೋಹದ ಚೂರುಗಳು ತೊಳೆದುಹೋಗದೆ ಒಳಗೇ ಉಳಿದಿರಬಹುದು ಎಂಬುದು ಅದಕ್ಕೆ ಕೊಟ್ಟ ಕಾರಣ.

ಒಂದು ಚೂರಿನಿಂದ ಇಷ್ಟು ಅನಾಹುತವೇ ಎಂದು ಕೇಳಬಹುದು. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಓಡುತ್ತಿರುವ ಎಂಜಿನ್‌ನಲ್ಲಿ ಅದು ತನ್ನನ್ನು ಹೊತ್ತ ಬೇರಿಂಗಿಗೆ ತಾಗುವುದೇ ಇಲ್ಲ. ಶಾಫ್ಟು ತಿರುಗುವ ರಭಸಕ್ಕೆ ಎಣ್ಣೆಯು ಸಂದಿಯೊಳಗೆ ಬೆಣೆಯಂತೆ ನುಗ್ಗಿ ಅದನ್ನು ಎತ್ತಿ ಹಿಡಿದಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇದ್ದರೆ, ಭಾರ ಬಿದ್ದಾಗ ಈ ಎಣ್ಣೆಯ ಪೊರೆ ಉಳಿಯುವುದು ಕೆಲವೇ ಮೈಕ್ರಾನ್. ಅಲ್ಲಿಗೆ ಹೊಕ್ಕ ಚೂರು, ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 33 ಸಲ, ಬೇರಿಂಗಿನ ಮೆತ್ತನೆಯ ಲೋಹವನ್ನು ಗೀರುತ್ತದೆ. ಪೊರೆ ಹರಿದರೆ ಲೋಹಕ್ಕೆ ಲೋಹ ಉಜ್ಜಿ ಕಾಯುತ್ತದೆ, ಕೊನೆಗೆ ಎಂಜಿನ್ ಸೀಜ್ ಆಗುತ್ತದೆ, ಅಂದರೆ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಇದು ಟರ್ಬೊದ ತಪ್ಪಲ್ಲ, ಯಂತ್ರಗೆಲಸದ ತಪ್ಪು. ಆದರೂ ಕೊಳ್ಳುವವರು ಹಳೆಯ ಎಂಜಿನ್ನನ್ನು ನೆನೆಸಿಕೊಂಡು ಕೊರಗಿದರೆ ಅದನ್ನು ಬರೀ ಹಳಹಳಿಕೆ ಎನ್ನಲಾಗದು.

ಬಿಡಿಭಾಗಗಳು ಹೆಚ್ಚಿದಷ್ಟೂ ಕೆಡುವುದು ಹೆಚ್ಚು ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2023ರಲ್ಲಿ ಮಾಲೀಕರ ಅನುಭವ ಸಂಗ್ರಹಿಸಿದಾಗ, ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಹೈಬ್ರಿಡ್‌ಗಳಲ್ಲಿ ಪೆಟ್ರೋಲ್ ಕಾರುಗಳಿಗಿಂತ ತೊಂದರೆ ಶೇ 26ರಷ್ಟು ಕಡಿಮೆಯೆಂದೂ, ಭಾಗಗಳು ಕಡಿಮೆಯಿರುವ ವಿದ್ಯುತ್ ಕಾರುಗಳಲ್ಲಿ ಶೇ 79ರಷ್ಟು ಹೆಚ್ಚೆಂದೂ ಕಂಡುಬಂತು. ಇಲ್ಲಿ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಟೊಯೋಟಾ 1997ರಿಂದ, ಅಂದರೆ ಮೊದಲ ಪ್ರಿಯಸ್ ಹೈಬ್ರಿಡ್ ಕಾರಿನಿಂದ, ಒಂದೇ ಉಪಾಯವನ್ನು ತಿದ್ದಿ ತೀಡುತ್ತ ಬಂದಿದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಇರುವುದು ಅದೇ: ನಡುವೆ ಸೂರ್ಯ ಗಿಯರು, ಸುತ್ತ ಗ್ರಹ ಗಿಯರುಗಳು, ಹೊರಗೊಂದು ಬಳೆ. ಎಂಜಿನ್ ಗ್ರಹಗಳನ್ನು ಹೊತ್ತ ಚೌಕಟ್ಟನ್ನು ತಿರುಗಿಸುತ್ತದೆ, ಒಂದು ಮೋಟಾರು ಸೂರ್ಯನನ್ನು ಹಿಡಿದಿರುತ್ತದೆ, ಬಳೆಯ ಬಲ ಚಕ್ರಗಳಿಗೆ ಹೋಗುತ್ತದೆ. ಸವೆಯುವ ಕ್ಲಚ್ಚಿಲ್ಲ, ಜಾರುವ ಬೆಲ್ಟಿಲ್ಲ, ಬೇರೆ ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರೂ ಇಲ್ಲ.

ಆದ್ದರಿಂದ ಹೊಚ್ಚಹೊಸ ಎಂಜಿನ್ನಿಗೆ ನಾನಾದರೆ ಎರಡು ವರ್ಷ ಕಾಯುತ್ತೇನೆ. ಹಳೆಯ ಗಿಯರಿನ ಹೈಬ್ರಿಡ್‌ಗೆ ಅಷ್ಟು ಕಾಯುವ ಅಗತ್ಯ ಕಾಣುವುದಿಲ್ಲ.

ಟೊಯೋಟಾದ ಮುಂದಿನ ಪಟ್ಟಿಯಲ್ಲಿ ನಿಜಕ್ಕೂ ಹೊಸದೆಂದರೆ, 2027–28ರ ಹೊತ್ತಿಗೆ ತರುವ ಗುರಿಯಿಟ್ಟುಕೊಂಡಿರುವ ಘನ ಬ್ಯಾಟರಿ, ಅಂದರೆ ಒಳಗಿನ ದ್ರವದ ಬದಲು ಘನವಸ್ತು ಇರುವ ಬ್ಯಾಟರಿ. ಬಾಳಿಕೆಯ ತೊಡಕನ್ನು ದಾಟಿದ್ದೇವೆಂದು ಕಂಪನಿ 2023ರಲ್ಲೇ ಹೇಳಿಕೊಂಡಿದೆ. ಲಿಥಿಯಂ ಬ್ಯಾಟರಿಯ ವಿದ್ಯುದ್ವಾರಗಳು ಚಾರ್ಜ್ ಆಗುವಾಗ ಉಬ್ಬಿ, ಬಳಸುವಾಗ ಕುಗ್ಗಿ ಸಂದಿ ಬಿಡುತ್ತವೆ. ಈಗಿನ ಬ್ಯಾಟರಿಯಲ್ಲಿ ದ್ರವವು ಆ ಸಂದಿಗೆ ಹರಿದು ತುಂಬಿಕೊಳ್ಳುತ್ತದೆ. ಘನವಸ್ತು ಹರಿಯುವುದಿಲ್ಲ, ಬಿರುಕು ಬಿಡುತ್ತದೆ.