ಆರತಿ ನೀರಿನ ಕೆಂಪು ಮತ್ತೆ ಕಾಂಜುಗೇಟ್ ಬೇಸು

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡ್ಲೇ ಆರತಿ ತಟ್ಟೆ ಕೆಂಪಗಾಗುತ್ತಲ್ಲ, ಅದೇ ಕೆಂಪನ್ನ ತೋರ್ಸಿ "ರಕ್ತ ಬಂತು, ಯಾರೋ ಮಾಟ ಮಾಡ್ಸಿದಾರೆ" ಅಂತ ಹೆದರಿಸಿ ದುಡ್ಡು ಕೀಳೋದನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ಅಲ್ಲಿ ಆಗಿರೋದು ಇಷ್ಟು: ಅರಿಶಿನದಲ್ಲಿರೋ ಕರ್ಕ್ಯುಮಿನ್ ತನ್ನ ಪ್ರೋಟಾನ್ (ಅಂದ್ರೆ ಪ್ಲಸ್ ಚಾರ್ಜಿನ ಹೈಡ್ರೋಜನ್) ಒಂದನ್ನ ಸುಣ್ಣಕ್ಕೆ ಕೊಟ್ಬಿಟ್ಟಿದೆ. ಕೊಟ್ಟ ಮೇಲೆ ಉಳಿದಿದ್ದೇ ಅದರ ಕಾಂಜುಗೇಟ್ ಬೇಸು, ಅದರ ಬಣ್ಣಾನೇ ಆ ಕೆಂಪು. ನಿಂಬೆರಸ ಹಿಂಡಿ, ಪ್ರೋಟಾನ್ ವಾಪಸ್ ಬರುತ್ತೆ, ನೀರು ಮತ್ತೆ ಹಳದಿ.

1923ರಲ್ಲಿ ಕೋಪನ್‌ಹೇಗನ್ನಿನ ಬ್ರಾನ್‌ಸ್ಟೆಡ್, ಕೇಂಬ್ರಿಜ್‌ನ ಲೌರಿ ಅನ್ನೋ ಇಬ್ರು ಕೆಮಿಸ್ಟ್‌ಗಳು ಬೇರೆ ಬೇರೆಯಾಗಿ ಹೇಳಿದ್ದೂ ಇದನ್ನೇ, ಪ್ರೋಟಾನ್ ಕೊಡೋದು ಆಸಿಡ್, ತಗೊಳ್ಳೋದು ಬೇಸು. ಅದಕ್ಕೆ ಮುಂಚೆ ಅರೇನಿಯಸ್ ಅನ್ನೋ ಕೆಮಿಸ್ಟ್ ಲೆಕ್ಕದಲ್ಲಿ ಬೇಸು ಅಂದ್ರೆ ಹೈಡ್ರಾಕ್ಸೈಡ್ ಬಿಡಬೇಕಿತ್ತು, ಬೇಸಾಗಿದ್ರೂ ಪಾಪ ಅಮೋನಿಯಾ ಹತ್ರ ಅದು ಇರ್ಲೇ ಇಲ್ಲ.

ಮೊನ್ನೆ ಅಕ್ಕನ ಮಗಳು ನೋಟ್‌ಬುಕ್ಕಲ್ಲಿ ಸಲ್ಫ್ಯೂರಿಕ್ ಆಸಿಡ್‌ನ ಕಾಂಜುಗೇಟ್ ಬೇಸು ಸಲ್ಫೇಟ್ ಅಂತ ಬರ್ದಿದ್ಲು, ತುಂಬಾ ಜನ ಜಾರೋದು ಇಲ್ಲೇ. ಒಂದು ಸಲಕ್ಕೆ ಒಂದೇ ಪ್ರೋಟಾನ್ ತೆಗೀಬೇಕು, ಚಾರ್ಜ್‌ನಲ್ಲಿ ಒಂದು ಕಳೀಬೇಕು. ಹಾಗಾಗಿ ಉತ್ತರ ಒಂದು ಹೈಡ್ರೋಜನ್ ಇನ್ನೂ ಉಳ್ಕೊಂಡಿರೋ ಬೈಸಲ್ಫೇಟ್, ಸಲ್ಫೇಟ್ ಏನಿದ್ರೂ ಬೈಸಲ್ಫೇಟ್‌ನ ಜೋಡಿ. ಇನ್ನು ವಿನೆಗರ್‌ನ ಅಸಿಟಿಕ್ ಆಸಿಡ್‌ನಲ್ಲಿ ಹೈಡ್ರೋಜನ್ ನಾಕಿದ್ರೂ ಹೊರಡೋದು ಆಕ್ಸಿಜನ್‌ಗೆ ಅಂಟ್ಕೊಂಡಿರೋ ಒಂದೇ, ಕಾರ್ಬನ್ ಹಿಡ್ಕೊಂಡಿರೋ ಮೂರು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.

ಈ ಉಳಿದ ಬೇಸಿನ ಸ್ವಭಾವ ನಂಗೆ ಬಲು ಇಷ್ಟ. ಹೈಡ್ರೋಕ್ಲೋರಿಕ್ ಆಸಿಡ್ ಪ್ರೋಟಾನ್ ಬಿಟ್ಟ ಮೇಲೆ ಉಳಿಯೋ ಕ್ಲೋರೈಡ್, ಸಾಲ ಕೊಟ್ಟು ಮರ್ತೇಬಿಡೋ ಸಾಹುಕಾರನ ಥರ, ಅದಕ್ಕೇ ಆ ಆಸಿಡ್ ಅಷ್ಟು ಸ್ಟ್ರಾಂಗು. ಅಸಿಟಿಕ್ ಆಸಿಡ್‌ನಿಂದ ಉಳಿಯೋ ಅಸಿಟೇಟ್ ಮಾರನೇ ದಿನಾನೇ ಬಂದು ಬಾಗಿಲು ಬಡಿಯೋ ಗಿರಾಕಿ, ಇಲ್ಲಾಂದ್ರೆ ಬಸ್ಸಲ್ಲಿ ಸೀಟು ಬಿಟ್ಕೊಟ್ಟು ಅದರ ಮೇಲೇ ಕಣ್ಣಿಟ್ಟು ನಿಂತೋನು ಅನ್ನಿ. ಮಾಮೂಲಿ ವಿನೆಗರ್‌ನಲ್ಲಿ ಸಾವಿರ ಅಣುಗಳಲ್ಲಿ ಪ್ರೋಟಾನ್ ಬಿಟ್ಟಿರೋದು ನಾಕೋ ಐದೋ ಮಾತ್ರ.

ಅಡುಗೆ ಸೋಡಾದ ಬೈಕಾರ್ಬನೇಟ್ ಎರಡೂ ಕೆಲಸ ಮಾಡುತ್ತೆ, ನಿಂಬೆರಸ ಬಿದ್ರೆ ತಗೊಳ್ಳುತ್ತೆ, ಸುಣ್ಣದ ತಿಳಿ ಬಿದ್ರೆ ಕೊಡುತ್ತೆ.

ಬಿಳಿ ಶರ್ಟಿನ ಮೇಲೆ ಸಾರು ಚೆಲ್ಲಿದಾಗ ಬಾರ್ ಸೋಪು ಉಜ್ಜಿ ನೋಡಿ. ಸೋಪು ಅಂದ್ರೇನೇ ಕೊಬ್ಬಿನ ಆಸಿಡ್‌ನ ಕಾಂಜುಗೇಟ್ ಬೇಸು, ಸೋಪಿನ ನೀರು ಕ್ಷಾರ ಆಗೋದು ಅದರಿಂದ್ಲೇ. ಹಳದಿ ಕಲೆ ಕೈಯಡೀಲೇ ಕೆಂಪಾಗುತ್ತೆ, ಎರಡು ಸಲ ಚೆನ್ನಾಗಿ ಜಾಲಿಸಿದ್ರೆ ಮತ್ತೆ ಹಳದಿಗೆ ಬರುತ್ತೆ.